ಹನ್ನೆರಡು ಮಗ್ಗಕ್ಕೆ ಒಂದು ಜಾಲಿ ಗೋಡೆ

ನೂಲು ಮೊದಲು ಹರಿದದ್ದು ಯಾವಾಗ ಎಂದು ಯಾರಾದರೂ ಕೇಳಿದರೆ, ಸಂಕ್ರಮಣ ಮುಗಿದು ಎರಡು ವಾರಕ್ಕೆ ಎಂದು ಥಟ್ಟನೆ ಹೇಳುತ್ತೇನೆ. ನನ್ನ ಡೈರಿ ಬೇರೆ ಹೇಳುತ್ತದೆ. ಸಂಕ್ರಮಣಕ್ಕೆ ಇನ್ನೂ ನಾಲ್ಕು ದಿನ ಇರುವಾಗಲೇ ನೇಕಾರ್ತಿಯರ ಸಂಘದ ಅಧ್ಯಕ್ಷೆ ಫೋನ್ ಮಾಡಿದ್ದರು. ನಾನು ‘ನೂಲು ಹರಿಯುತ್ತಿದೆಯಂತೆ, ವಿಚಾರಿಸಬೇಕು’ ಎಂದು ಬರೆದು, ಅದರ ಕೆಳಗೆ ಬೇರೆ ಯಾರದೋ ಮನೆಯ ಮೆಟ್ಟಿಲಿನ ಅಳತೆ ಗೀಚಿಕೊಂಡಿದ್ದೇನೆ. ವಿಚಾರಿಸಿದ್ದು ಯಾವಾಗ ಎಂದು ಮುಂದಿನ ಪುಟಗಳಲ್ಲಿ ಹುಡುಕಿದೆ. ಹದಿನೆಂಟು ದಿನ ಆದಮೇಲೆ. ಆ ಹದಿನೆಂಟು ದಿನ ನನ್ನ ನೆನಪಿನಲ್ಲಿ ಇರಲೇ ಇಲ್ಲ.

ಹಾಗಾಗಿ ಇದನ್ನು ಡೈರಿ ಪಕ್ಕದಲ್ಲಿಟ್ಟುಕೊಂಡೇ ಬರೆಯುತ್ತಿದ್ದೇನೆ. ಡೈರಿಯನ್ನು ಎಷ್ಟು ನಂಬಬೇಕು ಎಂಬುದು ಮುಂದೆ ಬರುತ್ತದೆ.

ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ನನ್ನದೊಂದು ಸಣ್ಣ ಆರ್ಕಿಟೆಕ್ಟ್ ಕಚೇರಿ. ಇಳಕಲ್ಲಿನ ನೇಕಾರ ಹೆಣ್ಣುಮಕ್ಕಳ ಸಂಘವೊಂದಕ್ಕೆ ಹನ್ನೆರಡು ಮಗ್ಗ ಒಟ್ಟಿಗೆ ಕೂಡುವ ಶೆಡ್ ಕಟ್ಟಿಕೊಡುವ ಕೆಲಸ ಬಂದಿತ್ತು. ಕಟ್ಟಿಸುವವರು ಒಂದು ಟ್ರಸ್ಟ್. ಜಾಗ ಊರ ಹೊರಗೆ, ಹುನಗುಂದದ ರಸ್ತೆಗೆ. ಅಲ್ಲಿಯತನಕ ಆ ಹನ್ನೆರಡು ಮಂದಿಯೂ ಮನೆಯಲ್ಲೇ ನೇಯುತ್ತಿದ್ದರು. ಪಡಸಾಲೆಯ ಮಣ್ಣಿನ ನೆಲದಲ್ಲಿ ಒಂದು ಕುಣಿ, ಅದರ ಅಂಚಿಗೆ ಕೂತು ಕಾಲು ಒಳಗೆ ಬಿಟ್ಟು ತುಳಿಯುವುದು, ಎದುರಿಗೆ ನೆಲಕ್ಕೆ ಹತ್ತಿರವಾಗಿಯೇ ಉದ್ದಕ್ಕೆ ಚಾಚಿದ ಹಾಸಿನ ನೂಲು. ಕಿಟಕಿ ಇಲ್ಲ. ಬಾಗಿಲು ಅರ್ಧ ಮುಚ್ಚಿರುತ್ತದೆ. ಮಾಳಿಗೆಯಲ್ಲಿ ಒಂದು ಬೆಳಕಿಂಡಿ. ಮೊದಲ ದಿನ ಅಂಥ ಒಂದು ಕೋಣೆಗೆ ಹೋದಾಗ ಕಣ್ಣು ಹೊಂದಿಕೊಳ್ಳಲು ಬಹಳ ಹೊತ್ತು ಹಿಡಿಯಿತು. ‘ಇದು ಕೆಲಸದ ಕೋಣೆಯಲ್ಲ, ಜೋಳ ತುಂಬಿಡುವ ಹಗೇವು’ ಎಂದು ಡೈರಿಯಲ್ಲಿದೆ. ಆ ಸಾಲು ಬರೆದಾಗ ನನಗೆ ಸಿಟ್ಟು ಬಂದಿತ್ತು, ಅದು ಒಳ್ಳೆಯ ಸಿಟ್ಟು ಎಂದೇ ಈಗಲೂ ಅನ್ನಿಸುತ್ತದೆ. ಆದರೆ ಆ ಕೋಣೆ ಹಾಗೇಕಿದೆ ಎಂದು ನಾನು ಕೇಳಲಿಲ್ಲ.

ಮೊದಲ ನಕ್ಷೆಯಲ್ಲಿ ಕುಣಿಗಳೇ ಇರಲಿಲ್ಲ. ಹೆಣ್ಣುಮಕ್ಕಳು ತಗ್ಗಿನಲ್ಲಿ ಕೂತು ದುಡಿಯಬಾರದು, ಮಗ್ಗವನ್ನು ನೆಲದಿಂದ ಎತ್ತಬೇಕು ಎಂಬುದು ನನ್ನ ಕನಸು. ಸಂಘದಲ್ಲಿ ಒಬ್ಬ ಹಿರಿಯ ನೇಕಾರ್ತಿ ಇದ್ದರು, ಅರವತ್ತು ದಾಟಿದವರು, ಎಲ್ಲರೂ ದೊಡ್ಡವ್ವ ಅನ್ನುತ್ತಿದ್ದರು. ಇಳಕಲ್ ಸೀರೆಯ ಒಡಲಿನ ನೂಲಿಗೆ ಸೆರಗಿನ ನೂಲನ್ನು ಒಂದೊಂದೇ ಎಳೆಯಾಗಿ ಕೊಂಡಿ ಹಾಕಿ ಜೋಡಿಸಬೇಕು. ಆ ಕೆಲಸದಲ್ಲಿ ಊರಿಗೇ ಹೆಸರಾದ ಕೈ ಅವರದು. ನಕ್ಷೆಯನ್ನು ತಿರುವಿ ಮುರುವಿ ನೋಡಿ, “ಅಕ್ಕಾರ, ನಾವು ಕಾಲು ಎಲ್ಲಿ ಇಡೂದ್ರಿ? ಆಕಾಶದಾಗ?” ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಕುಣಿಯನ್ನು ಅವರಿಗೆ ಬಿಟ್ಟುಕೊಟ್ಟೆ, ನಕ್ಷೆಗೆ ಸೇರಿಸಿದೆ.

ಆದರೆ ಕುಣಿ ಬಿಟ್ಟುಕೊಟ್ಟದ್ದಕ್ಕೆ ಪ್ರತಿಯಾಗಿ ಗೋಡೆ ನನ್ನದೇ ಎಂದು ಮನಸ್ಸಿನಲ್ಲೇ ನಿಶ್ಚಯ ಮಾಡಿದೆ. ಮೂಡಲ ಮತ್ತು ಪಡುವಣ ಗೋಡೆ ಎರಡೂ ನೆಲದಿಂದ ಚಾವಣಿಯತನಕ ಬಾದಾಮಿಯ ಕೆಂಪು ಕಲ್ಲಿನಲ್ಲಿ ಕಣ್ಣುಕಣ್ಣಾಗಿ ಕಡೆದ ಜಾಲಿ. ಒಂದು ಕಡೆಯಿಂದ ಬಂದ ಗಾಳಿ ಇನ್ನೊಂದು ಕಡೆ ಹೋಗಬೇಕು, ಹಗಲು ಫ್ಯಾನೂ ಬೇಡ ದೀಪವೂ ಬೇಡ. ಟ್ರಸ್ಟಿನವರ ಮುಂದೆ ಇದನ್ನು ‘ಉಸಿರಾಡುವ ಗೋಡೆ’ ಎಂದು ಕರೆದೆ.

ಜಾಲಿ ಕಡೆದುಕೊಟ್ಟವನು ಬಾದಾಮಿ ಕಡೆಯ ಕಲ್ಲುಕೆಲಸದ ಮೇಸ್ತ್ರಿ. ಕೆರೂರಿನ ಹೊರಗಿನ ಅವನ ಶೆಡ್ಡಿಗೆ ವಾರಕ್ಕೆ ಎರಡು ಸಲ ಹೋಗುತ್ತಿದ್ದೆ. ನಾನು ಬರೆದುಕೊಟ್ಟ ಜಾಲಿಯ ಕಣ್ಣುಗಳ ನಡುವಿನ ಪಟ್ಟಿ ಎರಡು ಬೆರಳು ದಪ್ಪ. ಆ ಕಲ್ಲಿನಲ್ಲಿ ಪದರು ಇರುತ್ತದೆ. ಉಳಿ ಪದರಿಗೆ ಅಡ್ಡ ಬಿದ್ದರೆ ಪಟ್ಟಿ ಪಟ್ಟನೆ ಸೀಳುತ್ತದೆ. ಮೊದಲ ವಾರದ ಹಲಗೆಗಳೆಲ್ಲ ಒಡೆದವು. “ಮೇಡಂ, ಇದು ಕಲ್ಲೈತ್ರಿ, ಕಸೂತಿ ಬಟ್ಟಿ ಅಲ್ಲ” ಅಂದ. ಪಟ್ಟಿಯನ್ನು ಮೂರು ಬೆರಳಿಗೆ ಏರಿಸಿದೆವು, ಕಣ್ಣಿನ ಮೂಲೆಗಳನ್ನು ಗುಂಡಗೆ ಮಾಡಿದೆವು. ಆಮೇಲೆ ಒಡೆಯಲಿಲ್ಲ. ಆ ಸಂಜೆಯ ಡೈರಿ: ‘ಕನಸು ಮತ್ತು ಕಲ್ಲು ರಾಜಿಯಾದವು. ಸಮತೋಲನ ಅಂದರೆ ಇದೇ.’ ಕುಣಿ ಅವರದು, ಗೋಡೆ ನನ್ನದು, ಒಂದು ಬೆರಳು ಕಲ್ಲಿನದು. ಪಾಲು ಹಂಚಿದರೆ ಸಮತೋಲನ ಬರುತ್ತದೆ ಎಂದು ತಿಳಿದಿದ್ದೆ.

ನೆಲಕ್ಕೆ ಇಳಕಲ್ಲಿನದೇ ಕೆಂಪು ಗ್ರಾನೈಟು ಹಾಕಿ ಹೊಳಪು ಕೊಡಿಸಿದೆ. ಕುಣಿಗಳಿಗೆ ಒಳಗಿನಿಂದ ಸಿಮೆಂಟು ಗಿಲಾವು. ದಸರೆ ಕಳೆದು ಮಗ್ಗಗಳು ಬಂದವು. ಮೊದಲ ವಾರವೇ ಹೆಣ್ಣುಮಕ್ಕಳು ಬೆಳಿಗ್ಗೆ ಸೆಗಣಿ, ನೀರು ತಂದು ಕುಣಿಯ ಸುತ್ತ ಸಾರಿಸತೊಡಗಿದರು. ಹೊಳಪಿನ ಗ್ರಾನೈಟಿನ ಮೇಲೆ ಸೆಗಣಿ! ಇದು ಮನೆಯ ರೂಢಿ ಎಂದುಕೊಂಡು ನಯವಾಗಿ ಹೇಳಿದೆ. ಕೇಳಲಿಲ್ಲ. ಬೋರ್ಡು ಬರೆಸಿ ಬಾಗಿಲ ಹತ್ತಿರ ಹಾಕಿಸಿದೆ: ನೆಲ ಸಾರಿಸಬಾರದು.

ಮಳೆಗಾಲದ ತೇವ ಇನ್ನೂ ಗಾಳಿಯಲ್ಲಿತ್ತು. ಎರಡು ತಿಂಗಳು ಎಲ್ಲ ಚೆನ್ನಾಗಿ ನಡೆಯಿತು. ಬೆಳಿಗ್ಗೆ ಜಾಲಿಯ ನೆರಳು ಹಾಸಿನ ಮೇಲೆ ಬಿದ್ದಾಗ ಫೋಟೋ ತೆಗೆಯಲು ಬಂದವರೆಲ್ಲ ಅದನ್ನೇ ನೋಡುತ್ತ ನಿಂತುಬಿಡುತ್ತಿದ್ದರು. ದೊಡ್ಡವ್ವನ ಮನೆಯಲ್ಲಿ ಹಳೆಯ ಕುಣಿ ಮುಚ್ಚಿ ಟೈಲ್ಸ್ ಹಾಕಿಸಿದರು. ಉಳಿದವರೂ ಹಾಗೇ ಮಾಡಿದರು. ತಿರುಗಿ ಮನೆಗೆ ಹೋಗಿ ಕೂರಲು ಈಗ ಯಾರಿಗೂ ಜಾಗ ಉಳಿದಿರಲಿಲ್ಲ.

ಆಮೇಲೆ ಚಳಿಗಾಲದ ಮೂಡಗಾಳಿ ಬೀಸತೊಡಗಿತು.

ನಾನು ಹದಿನೆಂಟು ದಿನ ತಡವಾಗಿ ಹೋದಾಗ ಶೆಡ್ಡಿನೊಳಗಿನ ಸದ್ದೇ ಬದಲಾಗಿತ್ತು. ಲಾಳಿ ನಾಲ್ಕು ಸಲ ಓಡುತ್ತದೆ, ನಿಲ್ಲುತ್ತದೆ. ಎಲ್ಲೋ ಒಂದು ಎಳೆ ಹರಿದಿದೆ. ನೇಕಾರ್ತಿ ಬಾಗಿ ಅದನ್ನು ಹುಡುಕಿ ಬೆರಳಿನಿಂದ ಹೊಸೆದು ಹಚ್ಚುತ್ತಾಳೆ. ಮತ್ತೆ ನಾಲ್ಕು ಸಲ. ದೊಡ್ಡವ್ವನ ಪಕ್ಕ ಒಂದು ತಾಸು ಕೂತೆ. ಹನ್ನೊಂದು ಸಲ ನಿಂತಿತು. ಒಡಲು, ಸೆರಗು ಕೂಡುವ ಕೊಂಡಿಯ ಹತ್ತಿರವೇ ಹೆಚ್ಚು.

“ನೂಲು ಹಳೇದೇನೋ?” ಅಂದೆ.

“ನೂಲು ಅದ ಐತ್ರಿ,” ಅಂದರು. “ಹರಿಯೂದು ಹೊಸಾದು.”

ನೂಲಿನ ಅಂಗಡಿ ಬದಲಿಸಿದೆವು. ಹರಿಯಿತು. ಹಾಸಿನ ನೂಲಿಗೆ ಹಚ್ಚುವ ಗಂಜಿ ತೆಳುವಾಯಿತೇನೋ ಎಂದು ದಪ್ಪ ಮಾಡಿಸಿದೆ. ಒಣಗಿದ ಗಂಜಿ ಪುಡಿಯಾಗಿ ಉದುರಿ ಇನ್ನಷ್ಟು ಹರಿಯಿತು. ಗಾಳಿ ಹೆಚ್ಚಾಯಿತು ಎಂದು ನೇಯುವವರು ಅನ್ನತೊಡಗಿದರು. ಇಷ್ಟರಲ್ಲಿ ಟ್ರಸ್ಟಿನ ಕಾರ್ಯದರ್ಶಿ ಕೆಲಸ ಏಕೆ ನಿಂತಿದೆ ಎಂದು ಬರಹದಲ್ಲಿ ಉತ್ತರ ಕೇಳಿದರು. ನಾನು ಉತ್ತರ ಬರೆದೆ. ಅದರ ಪ್ರತಿ ನನ್ನ ಹತ್ತಿರ ಇದೆ, ಇಲ್ಲದಿದ್ದರೆ ಒಳ್ಳೆಯದಿತ್ತು. ಹೊಸ ವಾತಾವರಣಕ್ಕೆ ನೇಕಾರರು ಇನ್ನೂ ಹೊಂದಿಕೊಂಡಿಲ್ಲ, ಗಾಳಿಯ ಬಗ್ಗೆ ಆಕ್ಷೇಪವೇನಾದರೂ ಇದ್ದಿದ್ದರೆ ನಕ್ಷೆಯ ಹಂತದಲ್ಲೇ ತಿಳಿಸಬಹುದಿತ್ತು, ಯಾರೂ ತಿಳಿಸಿಲ್ಲ ಎಂದು.

ಹಾಗೆ ಬರೆಯುವಾಗ ನಾನು ಸುಳ್ಳು ಹೇಳುತ್ತಿರಲಿಲ್ಲ. ಅದೇ ನನ್ನನ್ನು ಈಗಲೂ ಹೆದರಿಸುತ್ತದೆ.

ಆ ಕಾಗದ ಕಳಿಸಿದ ಮರುವಾರ ತೇವ ಅಳೆಯುವ ಮೀಟರ್ ತಂದೆ. ಮೊದಲು ಊರೊಳಗೆ, ಸಂಘಕ್ಕೆ ಸೇರದ ಒಬ್ಬರ ಹಳೆಯ ಮನೆಯಲ್ಲಿ, ಕುಣಿಯ ಬಾಯಿಗೆ ಇಟ್ಟೆ. ಆಮೇಲೆ ನಮ್ಮ ಶೆಡ್ಡಿನಲ್ಲಿ. ಎರಡು ಅಂಕಿಗಳನ್ನು ನೋಡಿ, ಮೀಟರ್ ಕೆಟ್ಟಿದೆಯೆಂದು ಮತ್ತೆ ಊರೊಳಗೆ ಹೋಗಿ ಅಳೆದೆ. ಕೆಟ್ಟಿರಲಿಲ್ಲ. ನನ್ನ ಶೆಡ್ಡಿನೊಳಗೆ ಹೊರಗಿನ ಬಯಲಿನಷ್ಟೇ ಒಣಹವೆ. ನಾನು ಹಗೇವು ಅಂದ ಕೋಣೆಯಲ್ಲಿ ಮಣ್ಣಿನ ಕುಣಿ, ಸಾರಿಸಿದ ನೆಲ, ಮುಚ್ಚಿದ ಗೋಡೆ ಮೂರೂ ಸೇರಿ ನೂಲಿನ ತೇವ ಕಾಪಾಡುತ್ತಿದ್ದವು. ಒಣಗಿದ ಹತ್ತಿ ನೂಲಿಗೆ ಕಸುವಿಲ್ಲ. ಆ ಮೂರನ್ನೂ ನಾನು ಒಂದೊಂದಾಗಿ ತೆಗೆದಿದ್ದೆ. ನೆಲಕ್ಕಂತೂ ಬೋರ್ಡನ್ನೂ ಹಾಕಿದ್ದೆ.

ಇದು ತಿಳಿದ ಮೇಲೂ ನಾನು ಜಾಲಿ ಮುಚ್ಚಲಿಲ್ಲ. ಮುಚ್ಚದೆ ಉಳಿಸಿಕೊಳ್ಳುವ ದಾರಿ ಹುಡುಕಿದೆ. ಗೋಣಿತಟ್ಟು ನೀರಿನಲ್ಲಿ ಅದ್ದಿ ಮೂಡಲ ಜಾಲಿಯ ಒಳಮೈಗೆ ಇಳಿಬಿಡಿಸಿದೆ. ಮೊದಲ ದಿನ ನೂಲು ಕಡಿಮೆ ಹರಿಯಿತು. ನಾನು ಬಾಗಲಕೋಟೆಗೆ ವಾಪಸು ಹೋಗುವಾಗ ಬಸ್ಸಿನಲ್ಲಿ ಅತ್ತುಬಿಟ್ಟೆ, ಸಮಾಧಾನಕ್ಕೆ. ಮೂರನೆಯ ದಿನ ಅಧ್ಯಕ್ಷೆಯ ಫೋನ್ ಬಂತು. ಗಾಳಿ ಜೋರಾಗಿ ಬೀಸಿ, ಕಲ್ಲಿನ ಕೆಂಪು ಧೂಳು ಕಲೆತ ನೀರನ್ನು ತಟ್ಟಿನಿಂದ ಒಳಗೆ ಎರಚಿತ್ತು. ಬಿದ್ದದ್ದು ದೊಡ್ಡವ್ವನ ಮಗ್ಗದ ಮೇಲೆ. ಅವರು ಆ ಕೊಂಡಿ ಹಾಕುವುದಕ್ಕೇ ಎರಡು ದಿನ ಕೂತಿದ್ದರು. ಒಡಲಿನ ಬೂದಿ ಬಣ್ಣದ ಮೇಲೆ ಒಂದು ಮೊಳ ಉದ್ದ ಕೆಂಪು ಚುಕ್ಕೆಗಳು.

ನಾನು ಹೋದಾಗ ಅವರು ಕುಣಿಯಲ್ಲಿ ಕಾಲಿಟ್ಟುಕೊಂಡು ಸುಮ್ಮನೆ ಕೂತಿದ್ದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

“ಊಟ ಆತ್ರಿ ಅಕ್ಕಾರ?” ಎಂದು ಕೇಳಿದರು.

ಅಧ್ಯಕ್ಷೆ ನನ್ನನ್ನು ಹೊರಗೆ ಕರೆದರು. “ಹೋಳಿ ಹುಣ್ಣಿಮಿ ತನಕ ನೋಡ್ತೇವ್ರಿ. ಆಮ್ಯಾಲ ಯಾರ್ ಮಗ್ಗ ಅವರು ಒಯ್ತಾರ.”

“ಎಲ್ಲಿಗೆ ಒಯ್ತಾರ್ರಿ? ಮನ್ಯಾಗ ಕುಣಿ ಮುಚ್ಚ್ಯಾರಲ್ಲ?”

“ಅದನ್ನ ನೀವ ಹೇಳ್ಬೇಕ್ರಿ,” ಅಂದರು. “ಮುಚ್ಚೂವಾಗ ನಿಮ್ಮ ಮಾತು ಕೇಳಿ ಮುಚ್ಚ್ಯಾರ.”

ಹೋಳಿಗೆ ಇನ್ನೂ ಹತ್ತು ದಿನ ಇರುವಾಗಲೇ ನಾಲ್ಕು ಮಗ್ಗ ಹೋದವು. ಇಬ್ಬರು ಮಗ್ಗ ಬಿಚ್ಚಿ ಕಟ್ಟಿಟ್ಟು ಹೊಲದ ಕೂಲಿಗೆ ಹೋಗತೊಡಗಿದರು. ಇನ್ನಿಬ್ಬರು ಸಂಬಂಧಿಕರ ಮನೆಯಲ್ಲಿ ಮೂಲೆ ಕೇಳಿ ಇಟ್ಟುಕೊಂಡರು. ಖಾಲಿಯಾದ ನಾಲ್ಕು ಸಿಮೆಂಟಿನ ಕುಣಿಗಳಲ್ಲಿ ಜಾಲಿಯ ನೆರಳು ಬೀಳುತ್ತಿತ್ತು. ಈಗಲೂ ಚಂದವಾಗಿಯೇ ಇತ್ತು. ನನಗೆ ನೋಡಲಾಗಲಿಲ್ಲ.

ಕಾರ್ಯದರ್ಶಿ ಸಭೆ ಕರೆದರು. ನಾನು ಬೆಳಗಿನ ಬಸ್ಸಿಗೆ ಹೊರಟೆ. ನಕ್ಷೆಯ ಹಂತದ ಸಭೆಗಳ ದಿನಾಂಕ ತೋರಿಸಿದರೆ, ಎಲ್ಲರನ್ನೂ ಕೇಳಿಯೇ ಮಾಡಿದ್ದೆ ಎಂದು ಹೇಳಬಹುದು ಎಂದು ಹಳೆಯ ಡೈರಿ ತಂದಿದ್ದೆ. ನನ್ನನ್ನು ಕಾಪಾಡಿಕೊಳ್ಳಲು ತಂದದ್ದು, ಬೇರೆ ಯಾವುದಕ್ಕೂ ಅಲ್ಲ. ಹುನಗುಂದ ಹತ್ತಿರ ಬರುವಾಗ ಆ ಪುಟ ಸಿಕ್ಕಿತು. ಎರಡನೆಯ ಸಭೆ. ನನ್ನದೇ ಅಕ್ಷರ.

‘ಹಿರಿಯ ನೇಕಾರ್ತಿಗೆ ಗಾಳಿಯ ಬಗ್ಗೆ ತಪ್ಪು ಕಲ್ಪನೆ ಇದೆ. ತಿಳಿಹೇಳಬೇಕು.’

ಅದರ ಮುಂದೆ ಒಂದು ಸರಿ ಗುರುತು. ಅಂದರೆ ತಿಳಿಹೇಳಿಯೂ ಆಗಿತ್ತು.

ಆ ಸಭೆ ನೆನಪಿಸಿಕೊಳ್ಳಲು ನೋಡಿದೆ. ಚಹಾ ನೆನಪಾಯಿತು, ಯಾರದೋ ಹಸಿರು ಕುಬಸ ನೆನಪಾಯಿತು, ನನ್ನ ಬೆರಳು ನಕ್ಷೆಯ ಮೇಲೆ ಗಾಳಿಯ ಬಾಣಗಳನ್ನು ತೋರಿಸುತ್ತಿದ್ದದ್ದು ನೆನಪಾಯಿತು. ದೊಡ್ಡವ್ವನ ಮಾತು ಬರಲಿಲ್ಲ. ನಾನು ಬರೆದಿಟ್ಟದ್ದು ಅವರ ಮಾತನ್ನಲ್ಲ, ಅದರ ಬಗ್ಗೆ ನನ್ನ ತೀರ್ಪನ್ನು. ಬಸ್ಸು ಹುನಗುಂದದ ನಿಲ್ದಾಣದಲ್ಲಿ ನಿಂತಿತು. ಎದುರಿಗೆ ಬಾಗಲಕೋಟೆಗೆ ಹೋಗುವ ಬಸ್ಸು ಹೊರಡಲು ಸಿದ್ಧವಾಗಿತ್ತು. ಹುಷಾರಿಲ್ಲ ಎಂದು ಒಂದು ಫೋನ್ ಮಾಡಿದರೆ ಸಾಕು. ಬ್ಯಾಗು ತೊಡೆಯ ಮೇಲಿಟ್ಟು ಅರ್ಧ ಎದ್ದೂ ನಿಂತೆ. ಪಕ್ಕದ ಹೆಂಗಸು ನಾನು ಇಳಿಯುತ್ತೇನೆಂದು ಕಾಲು ಸರಿಸಿದಳು. ಮತ್ತೆ ಕೂತೆ. ಧೈರ್ಯ ಬಂತು ಎನ್ನಲಾರೆ. ಆ ಪುಟ ನನ್ನ ಬಿಟ್ಟು ಯಾರಿಗೂ ಗೊತ್ತಿಲ್ಲ, ವಾಪಸು ಹೋದರೆ ಅದು ಹಾಗೇ ಉಳಿಯುತ್ತದೆ, ಇನ್ನೊಂದು ವರ್ಷಕ್ಕೆ ನಾನೇ ಅದನ್ನು ಮರೆಯುತ್ತೇನೆ ಎಂಬುದು ಖಚಿತವಾಗಿತ್ತು. ಅದಕ್ಕೆ ಹೆದರಿ ಕೂತೆ.

ಸಭೆ ಶೆಡ್ಡಿನಲ್ಲೇ. ಕಾರ್ಯದರ್ಶಿ ನನ್ನ ಕಾಗದವನ್ನೇ ಕೈಯಲ್ಲಿ ಹಿಡಿದಿದ್ದರು.

“ಆರ್ಕಿಟೆಕ್ಟರು ಬರದಾರ. ಮೊದಲ ಯಾರೂ ಹೇಳಿಲ್ಲಂತ. ಈಗ ನೂಲು ಹರಿತೈತಿ, ಗಾಳಿ ಆಗೂದಿಲ್ಲಂದ್ರ ಹೆಂಗ್ರಿ? ಕುಂದ್ರಾಕ ಮನಸ್ಸಿಲ್ಲಂದ್ರ ಹೇಳಿಬಿಡ್ರಿ, ಬ್ಯಾರೆ ಸಂಘಕ್ಕ ಕೊಡ್ತೇವಿ.”

ಅಧ್ಯಕ್ಷೆ ನನ್ನ ಕಡೆ ನೋಡಿದರು. ನೀವು ಹೀಗೆ ಬರೆದಿರಾ ಎಂಬ ನೋಟ.

ನಾನು ಎದ್ದು ನಿಂತು, ಆ ಕಾಗದ ತಪ್ಪು ಅಂದೆ. ಡೈರಿ ತೆಗೆದು ಆ ಸಾಲು ಓದಿದೆ. ಕಾರ್ಯದರ್ಶಿ ತಲೆ ತಗ್ಗಿಸಿ ಕೈಯಲ್ಲಿದ್ದ ಕಾಗದ ಮಡಚಿದರು. ದೊಡ್ಡವ್ವ ಮಾತ್ರ ತಲೆ ಎತ್ತಿದರು.

“ಇನ್ನೊಮ್ಮೆ ಓದ್ರಿ.”

ಓದಿದೆ.

“ತಪ್ಪು ಕಲ್ಪನಿ ಅಂದ್ರ?”

“ನಿಮಗ ತಿಳೀದಿಲ್ಲ ಅಂತ ನಾ ಬರಕೊಂಡೇನಿ, ದೊಡ್ಡವ್ವ.”

“ಹಾಂ. ಅದಿರ್ಲಿ. ನಾ ಅಂದದ್ದು ಎಲ್ಲೈತ್ರಿ ಅದರಾಗ?”

“ಇಲ್ಲ. ಬರಕೊಂಡಿಲ್ಲ.”

“ಗಾಳಿ ಬ್ಯಾಡಂತ ನಾ ಯಾಕ ಅನ್ಲಿ? ನನಗ ಶೆಕಿ ಆಗೂದಿಲ್ಲೇನು? ಗಾಳಿ ನೂಲಿನ ಮ್ಯಾಲ ಬ್ಯಾಡ, ಮಂದಿ ಮ್ಯಾಲ ಬರ್ಲಿ ಅಂದಿದ್ನಿ.”

ಅಂದು ಅವರು ಇದೇ ಮಾತು ಹೇಳಿದ್ದರೇ? ನೆನಪು ಅವರದು, ನನ್ನ ಹತ್ತಿರ ಸಾಕ್ಷಿ ಇಲ್ಲ. ಆದರೆ ಅಲ್ಲೇ ನಿಂತು ಶೆಡ್ಡನ್ನು ಒಂದು ಸುತ್ತು ನೋಡಿದೆ. ನೂಲು ಇರುವುದು ಮೊಳಕಾಲಿನ ಮಟ್ಟದಲ್ಲಿ. ಕೂತವರ ತಲೆ ಅದಕ್ಕಿಂತ ಮೇಲೆ. ಕೆಳಗೆ ಮುಚ್ಚು, ಮೇಲೆ ತೆರೆ. ಒಂದೂವರೆ ವರ್ಷ ನಾನು ನಕ್ಷೆಯಲ್ಲಿ ಹುಡುಕಿದ ಸಮತೋಲನ ಆ ಒಂದು ಸಾಲಿನಲ್ಲಿ ಪೂರ್ತಿ ಇತ್ತು, ಬರೆದುಕೊಂಡಿದ್ದರೆ.

ಹೋಳಿಯ ಬದಲು ಯುಗಾದಿತನಕ ಅವಕಾಶ ಕೇಳಿದೆ. ಅಧ್ಯಕ್ಷೆ ಉಳಿದ ಎಂಟು ಮಂದಿಯ ಮುಖ ನೋಡಿದರು. ಯಾರೂ ಹೂಂ ಅನ್ನಲಿಲ್ಲ, ಯಾರೂ ಎದ್ದು ಹೋಗಲೂ ಇಲ್ಲ.

ಮೇಸ್ತ್ರಿಗೆ ಹೇಳುವುದೇ ಎಲ್ಲಕ್ಕಿಂತ ಕಷ್ಟವಾಗಿತ್ತು. ಮೂರೂವರೆ ತಿಂಗಳು ಅವನು ಕಡೆದ ಜಾಲಿ ಅದು. ಊರಿನವರನ್ನೆಲ್ಲ ಕರೆತಂದು ತೋರಿಸಿದ್ದ. ಕೆಳಗಿನ ಹಲಗೆಗಳನ್ನು ಬಿಚ್ಚೋಣ ಅಂದೆ.

“ಒಂದಕ್ಕೊಂದು ಕಚ್ಚಿಕೊಂಡಾವ್ರಿ. ಕೆಳಗಿಂದು ತಗದ್ರ ಮ್ಯಾಲಿಂದು ಬೀಳ್ತಾವು. ಮ್ಯಾಲಿಂದ ಬಿಚ್ಚಿದ್ರ ಅರ್ಧಾ ಒಡೀತಾವು.” ಜಾಲಿಯ ಮೇಲೆ ಕೈ ಆಡಿಸುತ್ತ ನಿಂತ. “ಒಳಗಿಂದ ಮಣ್ಣಿನ ಗ್ವಾಡಿ ಏರಸ್ರಿ. ಮಣ್ಣು ಕಣ್ಣಾಗ ತುರುಕಿದ್ರ ಕಲ್ಲು ಅದನ್ನ ಹಿಡಕೊಂತೈತಿ.”

“ನಿಮ್ಮ ಕೆಲಸ ಮುಚ್ಚಿಹೋಗತೈತಲ್ರಿ.”

“ನಾ ಕಲ್ಲು ಕಡದೇನ್ರಿ, ಗಾಳಿ ಕಡದಿಲ್ಲ,” ಅಂದ. ಜೋರಾಗಿಯೇ ಅಂದ. ಆದರೆ ಮಣ್ಣು ಕಲಸಿ ತಂದಾಗ ಆಳುಗಳ ಕೈಗೆ ಕೊಡಲಿಲ್ಲ. ತಾನೇ ಮೊದಲ ಉಂಡೆ ಮಾಡಿ, ತಾನೇ ಕಡೆದ ಕಣ್ಣಿಗೆ ಹೆಬ್ಬೆರಳಿನಿಂದ ಒತ್ತಿದ. ಆಮೇಲೆ ಎರಡನೆಯದು. ಮೊದಲ ಸಾಲು ಪೂರ್ತಿ ತಾನೇ ತುಂಬಿದ. ಅವತ್ತು ನಾನು ಡೈರಿ ಬರೆಯಲಿಲ್ಲ, ಇದು ಬರಿ ನೆನಪು.

ಕೂತವರ ಭುಜದ ಎತ್ತರಕ್ಕೆ ಎರಡೂ ಕಡೆ ಮಣ್ಣಿನ ಗೋಡೆ ಬಂತು. ಮೇಲಿನ ಜಾಲಿಗೆ ಕಟ್ಟಿಗೆಯ ಬಾಗಿಲುಗಳು, ಮೂಡಗಾಳಿ ಇದ್ದಾಗ ಮುಚ್ಚಲು. ಬೆಳಕು ಕಡಿಮೆಯಾಯಿತು, ಅದಕ್ಕೆ ಚಾವಣಿ ಒಡೆದು ಗಾಜಿನ ಬೆಳಕಿಂಡಿ ಕೂರಿಸಿದೆವು. ಮಗ್ಗಗಳ ಸುತ್ತಲಿನ ಗ್ರಾನೈಟು ಕಿತ್ತೆವು. ಕುಣಿಯ ಸಿಮೆಂಟನ್ನು ಕೆತ್ತಿ ತೆಗೆಯುವಾಗ ಎರಡು ಕುಣಿಗಳ ಅಂಚು ಕುಸಿದವು, ಅವನ್ನು ಮತ್ತೆ ಮೊದಲಿನಿಂದ ಮಣ್ಣಿನಲ್ಲಿ ಕಟ್ಟಬೇಕಾಯಿತು. ಬೋರ್ಡನ್ನು ನಾನೇ ಬಿಚ್ಚಿದೆ. ಅದರ ಜಾಗದಲ್ಲಿ ಮೊಳೆಯ ತೂತುಗಳು ಇನ್ನೂ ಇವೆ.

ಹೋದ ನಾಲ್ಕು ಮಗ್ಗಗಳಲ್ಲಿ ಎರಡು ಯುಗಾದಿಯ ಮರುದಿನ ತಿರುಗಿ ಬಂದವು. ಎರಡು ಬರಲಿಲ್ಲ. ಅವರಲ್ಲಿ ಒಬ್ಬಳು ಮಗ್ಗವನ್ನೇ ಕೊಟ್ಟುಬಿಟ್ಟಿದ್ದಾಳೆ ಎಂದು ಅಧ್ಯಕ್ಷೆ ಹೇಳಿದರು. ಆ ಎರಡನೆಯ ಸಭೆಯಲ್ಲಿ ಹಸಿರು ಕುಬಸ ಹಾಕಿದ್ದವಳು ಅವಳೇ ಇರಬೇಕು, ಖಚಿತವಿಲ್ಲ. ಎರಡು ಕುಣಿಗಳು ಈಗಲೂ ಖಾಲಿ. ಮುಚ್ಚಿಸಬೇಡಿ ಎಂದು ಕೇಳಿಕೊಂಡಿದ್ದೇನೆ.

ನೂಲು ಹರಿಯುವುದು ನಿಂತಿಲ್ಲ, ಕಡಿಮೆಯಾಗಿದೆ. ಕಳೆದ ಸಲ ಹೋದಾಗ ದೊಡ್ಡವ್ವನ ಪಕ್ಕ ಮತ್ತೆ ಒಂದು ತಾಸು ಕೂತೆ. ಎರಡು ಸಲ ನಿಂತಿತು. ಮೂರನೆಯ ಸಲ ಲಾಳಿ ನಿಂತಾಗ ಎಳೆ ಹರಿದಿರಲಿಲ್ಲ. ಅವರು ಕೈಯನ್ನು ಹಣೆಗೆ ಅಡ್ಡ ಹಿಡಿದು ಮೇಲೆ ನನ್ನ ಹೊಸ ಬೆಳಕಿಂಡಿಯ ಕಡೆ ನೋಡುತ್ತಿದ್ದರು.

“ಅಕ್ಕಾರ, ಡೈರಿ ತಂದೀರೇನು?”

“ತಂದೇನ್ರಿ.”

“ತಗೀರಿ ಹಂಗಾರ. ಇಳಿಹೊತ್ತಿಗೆ ಬಿಸಲು ನೆಟ್ಟಗ ಕಣ್ಣಿಗೆ ಹೊಡೀತೈತ್ರಿ. ಕರೀ ಎಳಿ ಕಾಣವಲ್ದು. ಬರಕೋರಿ.”

ಬರೆದುಕೊಂಡೆ.

“ಓದ್ರಿ.”

“ಇಳಿಹೊತ್ತಿನಲ್ಲಿ ಬೆಳಕಿಂಡಿಯಿಂದ ತೊಂದರೆ…”

“ತೊಂದ್ರಿ ಅಂದ್ನೇನ್ರಿ ನಾ?” ಲಾಳಿಯನ್ನು ಹಾಸಿನ ಮೇಲೆ ಇಟ್ಟು ನನ್ನ ಕಡೆ ಪೂರ್ತಿ ತಿರುಗಿದರು. “ಕರೀ ಎಳಿ ಕಾಣವಲ್ದು ಅಂದೇನಿ.”

ಹೊಡೆದುಹಾಕಿ, ಅವರು ಹೇಳಿದ ಹಾಗೆ ಬರೆದೆ. ಓದಿ ತೋರಿಸಿದೆ. ಅವರು ತಲೆಯಾಡಿಸಿ ಲಾಳಿ ಎತ್ತಿಕೊಂಡರು.